ಒಲೆಯ ನೆತ್ತಿಯ ಮೇಲಿನ ಜಾಗ

ಮಾರ್ಚ್ ಬಂತೆಂದರೆ ಹಿಲ್ಕಳ ಗಂಡ ಅರ್ವೊನಿಗೆ ಸ್ಥಾನಪಲ್ಲಟ. ಫಿನ್ಲೆಂಡಿನ ಕೈನೂ ಸೀಮೆಯಲ್ಲಿ ಆಗ ಹಿಮ ಇನ್ನೂ ಕಿಟಕಿಯ ಅರ್ಧಕ್ಕಿರುತ್ತದೆ. ಅಡುಗೆಮನೆಯ ಕಾಲುಭಾಗ ನುಂಗಿ ಕೂತ ಇಟ್ಟಿಗೆ ಒಲೆಯಲ್ಲಿ ಕಪ್ಪು ಬ್ರೆಡ್ ಬೆಂದು ಬೆಂಕಿ ಆರಿದರೂ, ಒಬ್ಬರು ಮಲಗುವಷ್ಟು ಅಗಲವಾದ ಅದರ ನೆತ್ತಿ ಮರುದಿನದವರೆಗೆ ಬೆಚ್ಚಗಿರುತ್ತದೆ. ಆ ಜಾಗಕ್ಕೆ ಇಬ್ಬರು ಹಕ್ಕುದಾರರು: ಅರ್ವೊನ ಸೊಂಟ, ಹಿಲ್ಕಳ ಟೊಮೇಟೊ ಬೀಜ. ಎರಡಕ್ಕೂ ಬೇಕಾದದ್ದು ಕೆಳಗಿನಿಂದ ಬರುವ ಹದವಾದ ಕಾವು.

"ಇಳಿಯೋ ಮುದುಕಾ, ಬೀಜ ಇಡ್ಬೇಕು."

"ತಡಿಯೇ, ಇನ್ನೂ ಸುಡ್ತಿದೆ. ನಾನೇ ಬೇಯ್ತಾ ಇದೀನಿ."

"ನೀನು ಬೆಂದಿದ್ರೆ ಇಷ್ಟು ವರ್ಷದಲ್ಲಿ ಒಂಚೂರಾದ್ರೂ ಮೆತ್ತಗಾಗ್ತಿದ್ದೆ."

ಅವನು ಇನ್ನಷ್ಟು ಹೊತ್ತು ಹೊರಳಾಡಿ, ಗೊಣಗುತ್ತ ಇಳಿಯುವನು. ಅವಳು ಟ್ರೇ ಇಡುವಳು. ವಾರದೊಳಗೆ ಮೊಳಕೆ. ಊರಿನ ಹೊಗಳಿಕೆಯೆಲ್ಲ ಹಿಲ್ಕಳ ಕೈಗುಣಕ್ಕೆ.

ಆ ಹಳದಿ ಟೊಮೇಟೊ ಅವಳ ಅತ್ತೆಯ ಕಾಲದ್ದು. ಬೇರೆ ಯಾರಲ್ಲೂ ಇಲ್ಲ. ಕಳೆದ ವರ್ಷ ಹಣ್ಣಾಗುವ ಮೊದಲೇ ಚಳಿ ಗಿಡಗಳನ್ನು ಸುಟ್ಟುಹಾಕಿ, ಉಳಿದದ್ದು ಹಳೆಯ ಪೊಟ್ಟಣದ ಒಂದು ಚಿಟಿಕೆ ಬೀಜ. ಹಾಗಾಗಿ ಈ ಸಲ ಹಿಲ್ಕ ಯಾವ ತಕರಾರಿಗೂ ತಯಾರಿರಲಿಲ್ಲ.

"ಈ ತಿಂಗಳು ಒಲೆಯ ಮೇಲೆ ಹತ್ತಲೇಬೇಡ," ಎಂದಳು.

ಅರ್ವೊ ಮುನಿಸಿಕೊಂಡು, ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು ಮೀನು ಹಿಡಿಯಲು ಹೋದ. ಮಾತಾಡದೆ ಇರಲು ಮೀನಿಗಿಂತ ಒಳ್ಳೆಯ ಸಂಗಾತಿ ಎಲ್ಲಿ? ಇತ್ತ ಬ್ರೆಡ್ ಬೆಂದಾದಾಗ ಹಿಲ್ಕ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದಳು. ಹಿತವಾಗಿತ್ತು. ಟ್ರೇ ಏರಿಸಿದಳು.

ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಬೆಂಕಿಕಡ್ಡಿಯಿಂದ ಮಣ್ಣು ಕೆದಕಿದರೆ ಬೀಜಗಳು ಹುರಿದ ಎಳ್ಳಿನ ಹಾಗೆ ಕಂದಾಗಿದ್ದವು. ಹಿಲ್ಕ ಟ್ರೇಯನ್ನು ಮಡಿಲಲ್ಲಿಟ್ಟು ಸ್ಟೂಲಿನ ಮೇಲೆ ಕೂತಳು.

ಅರ್ವೊ ಇಣುಕಿ ನೋಡಿದ. ಚುಚ್ಚುಮಾತು ನಾಲಗೆಯ ತುದಿಗೆ ಬಂದದ್ದು ಅವಳ ಮುಖ ಕಂಡು ಹಿಂದೆ ಹೋಯಿತು. ತನ್ನ ಕಾಫಿ ಲೋಟ ಅವಳ ಕೈಗಿತ್ತ.

"ಸುಡುತ್ತಾ?"

"ಇಲ್ಲ. ಬೆಚ್ಚಗಿದೆ."

"ಸುಡ್ತಿದೆ ಅಂತ ನಾನು ಕಿವಿ ಹಿಡ್ಕೊಂಡು ತಂದೆ ಕಣೇ ಅದನ್ನ. ಲೋಟದ ಕಿವಿ." ಅವಳ ಅಂಗೈ ತಿರುಗಿಸಿ ನೋಡಿದ. "ಅಷ್ಟು ವರ್ಷ ಬೇಕರಿ ಕೆಲಸದಲ್ಲಿ ಬಿಸಿ ತಟ್ಟೆ ಎಳೆದೆಳೆದು ನಿನ್ನ ಕೈ ನಿನಗಿಂತ ಮೊದಲೇ ರಿಟೈರ್ ಆಗಿದೆ."

ಕೈಗುಣವೇ ಕೈಕೊಟ್ಟಿತ್ತು. ಇಷ್ಟು ವರ್ಷ ಕಾವಿನ ಹದ ಅಳೆದದ್ದು ಆ ಗೊಣಗುವ ಬೆನ್ನು!

ಪುಣ್ಯಕ್ಕೆ, ಪೊಟ್ಟಣವನ್ನು ಪೂರ್ತಿ ಖಾಲಿ ಮಾಡಲು ಅವಳ ಜಿಪುಣತನ ಬಿಟ್ಟಿರಲಿಲ್ಲ. ಮುಂದಿನ ಸಲ ಬ್ರೆಡ್ ಬೆಂದ ಮೇಲೆ ಒಲೆಯ ಪಕ್ಕಕ್ಕೆ ಅವಳೇ ಸ್ಟೂಲು ಎಳೆದಳು.

"ಹತ್ತು."

"ಹತ್ತಬೇಡ ಅಂದಿದ್ದೆಯಲ್ಲ?"

"ಈಗ ಹತ್ತು ಅಂತಿದೀನಿ. ಬಾಯಿ ಮುಚ್ಕೊಂಡು ಹತ್ತು."

ಹತ್ತಿದ. ಅವಳು ಟ್ರೇ ಹಿಡಿದು ಕೆಳಗೆ ನಿಂತಳು.

"ಆಯ್ತಾ?"

"ಇಲ್ಲ."

ತಟ್ಟೆಗಳನ್ನು ತೊಳೆದು ಬಂದಳು. "ಆಯ್ತಾ?"

"ಇನ್ನೂ ಸ್ವಲ್ಪ."

ಮೂರನೆಯ ಸಲ ಕೇಳಿದಾಗ ಮಾತಿಲ್ಲ, ಗೊರಕೆ. ಸುಡುವ ಇಟ್ಟಿಗೆಯ ಮೇಲೆ ಯಾರಿಗೆ ತಾನೇ ಗೊರಕೆ ಬಂದೀತು? ಹಿಲ್ಕ ಗಂಡನನ್ನು ಮೆಲ್ಲಗೆ ಗೋಡೆಗೆ ಸರಿಸಿ, ಅವನ ಪಕ್ಕದಲ್ಲೇ ಟ್ರೇ ಇಟ್ಟಳು.