ಹಾಳೆಯಲ್ಲಿ ಇರದ ಸಾಲುಗಳು

ದೆವ್ವ, ಭೂತ, ಗಾಳಿ ಸೋಕುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ "ಆಯ್ತು ಬಿಡಿ ಸ್ವಾಮಿ" ಎಂದು ಎದ್ದುಹೋಗುವ ಪೈಕಿ ನಾನು. ಈಗ ನನ್ನದೇ ಒಂದನ್ನು ಬರೆಯಲು ಕೂತಿದ್ದೇನೆ. ನೀವೂ ಎದ್ದುಹೋದರೆ ನನಗೆ ಬೇಜಾರಿಲ್ಲ.

ನಾನು ಪತ್ರಕರ್ತ. ರಾಕ್ ಸಂಗೀತಗಾರರ ಜೀವನಚರಿತ್ರೆ ಬರೆಯುವುದು ನನ್ನ ಇನ್ನೊಂದು ಕಸುಬು. ಕನ್ನಡದಲ್ಲಿ ಇದನ್ನು ಯಾರು ಓದುತ್ತಾರೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ಒಂಬತ್ತು ಪುಸ್ತಕ ಬರೆದೆ, ಒಂಬತ್ತೂ ಪರದೇಶದವರ ಮೇಲೆ. ಅವರಲ್ಲಿ ಒಬ್ಬರನ್ನೂ ನಾನು ಕಣ್ಣಾರೆ ಕಂಡಿಲ್ಲ. ಒಂಬತ್ತನೆಯದು ಮುಗಿಯುವ ಹೊತ್ತಿಗೆ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಕುಡಿತ, ಜಗಳ, ಬ್ಯಾಂಡು ಒಡೆದದ್ದು, ಮತ್ತೆ ಒಂದಾದದ್ದು. ಹೆಸರು ಬದಲಾಯಿಸಿದರೆ ಒಬ್ಬನ ಬದುಕು ಇನ್ನೊಬ್ಬನಿಗೆ ಸರಿಹೋಗುತ್ತಿತ್ತು.

ಹತ್ತನೆಯದು ನಮ್ಮ ಕಡೆಯವನದೇ ಆಗಲಿ ಎಂದು ಚಲುವರಾಜುವನ್ನು ಹುಡುಕಿಕೊಂಡು ಹೋದೆ. ನಾನು ಕಾಲೇಜಿನಲ್ಲಿದ್ದಾಗ ಮೈಸೂರಿನ ರಾಕ್ ಬ್ಯಾಂಡೊಂದರಲ್ಲಿ ಗಿಟಾರ್ ನುಡಿಸುತ್ತಿದ್ದವನು ಆತ. ಎಂಥ ಕೈ ಅಂತೀರಿ! ಮೂವತ್ತು ತುಂಬುವ ಹೊತ್ತಿಗೆ ಇದ್ದಕ್ಕಿದ್ದಂತೆ ಬಿಟ್ಟು, ಚುಂಚನಕಟ್ಟೆ ಹತ್ತಿರದ ತನ್ನ ಊರಿಗೆ ಬಂದು ಭತ್ತದ ಗದ್ದೆಗೆ ಇಳಿದವನು ಮತ್ತೆ ಗಿಟಾರ್ ಮುಟ್ಟಿರಲಿಲ್ಲ. ಒಂದು ವರ್ಷ ಪ್ರತಿ ಭಾನುವಾರ ಕೆ.ಆರ್. ನಗರದವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಆಟೋ ಹಿಡಿದು ಅವನ ಮನೆ ಸೇರುತ್ತಿದ್ದೆ.

ಯಾಕೆ ಬಿಟ್ಟೆ ಎಂದು ಕೇಳಿದಾಗಲೆಲ್ಲ ನಗುತ್ತಿದ್ದ. "ಕಡೇ ಅಧ್ಯಾಯ ಓದ್ತೀರಲ್ಲ, ಆಗ ಯೋಳ್ತೀನಿ ಬುಡಿ" ಎನ್ನುತ್ತಿದ್ದ.

ಓದುವುದು ಎಂದರೆ ಈ ಪುಸ್ತಕಕ್ಕೆಂದು ನಾನೇ ಇಟ್ಟುಕೊಂಡ ಒಂದು ಪದ್ಧತಿ. ಅಚ್ಚಿಗೆ ಕೊಡುವ ಮೊದಲು ಪ್ರತಿ ಅಧ್ಯಾಯವನ್ನೂ ಅವನೆದುರೇ ಕೂತು ಗಟ್ಟಿಯಾಗಿ ಓದುತ್ತಿದ್ದೆ. ಆಗ ರೆಕಾರ್ಡರ್ ಇರುತ್ತಿರಲಿಲ್ಲ. ಕೈಯಲ್ಲಿ ಪೆನ್ಸಿಲ್ ಇರುತ್ತಿತ್ತು, ಅವನು ತಪ್ಪು ಎಂದ ಕಡೆ ಗೀಟು ಹಾಕುತ್ತಿದ್ದೆ.

ಚಲುವರಾಜು ಹೇಳದಿದ್ದರೂ ಅವನ ಹೆಂಡತಿ ರತ್ನಮ್ಮ ಒಂದು ದಿನ ಕಾಫಿ ಕೊಡುತ್ತಾ ತಾವೇ ಹೇಳಿದ್ದರು. ಮದುವೆಯಾದ ಹೊಸದರಲ್ಲಿ ಮಗುವಿಗೆ ವಿಪರೀತ ಜ್ವರ, ಈತ ಪ್ರೋಗ್ರಾಮಿಗೆ ಹೋಗಿ ಮೂರು ದಿನವಾದರೂ ಪತ್ತೆಯಿಲ್ಲ. ಬಂದವನಿಗೆ ಆಕೆ ಆ ಗಿಟಾರು ಬೇಕೋ ನಾನು ಬೇಕೋ ಎಂದು ಕೂಗಾಡಿದ್ದರು. ಮರು ತಿಂಗಳೇ ಅವನು ಗಿಟಾರು ಬಿಟ್ಟ. ಬ್ಯಾಂಡಿನವರು, ಅತ್ತೆ, ಊರವರು, ಎಲ್ಲರ ಬಾಯಲ್ಲೂ ಅವಳೇ ಕೆಡಿಸಿದಳು ಎಂಬ ಮಾತು. "ನನ್ನಿಂದ್ಲೇ ಕಣಣ್ಣ ಅವರ ಬಾಳು ಆಳಾಗಿದ್ದು. ನೀವೂ ಅಂಗೇ ಬರೀರಿ" ಎಂದರು. ಇಪ್ಪತ್ತು ವರ್ಷದಿಂದ ಆ ಹೆಂಗಸು ಅದನ್ನು ಹೊತ್ತುಕೊಂಡೇ ಓಡಾಡುತ್ತಿದ್ದರು.

ನಾನು ಹಾಗೆಯೇ ಬರೆದೆ. ಕೊನೆಯ ಅಧ್ಯಾಯದಲ್ಲಿ ಆ ಜಾಗ ಖಾಲಿ ಬಿಡಲಾಗದೆ "ಸಂಸಾರದ ಒತ್ತಾಯಕ್ಕೆ ಮಣಿದು ಗಿಟಾರ್ ಕೆಳಗಿಟ್ಟರು" ಎಂದು ಒಂದು ಸಾಲು ತುರುಕಿದೆ. ಭಾನುವಾರ ಓದಿದಾಗ ಅವನೇ ತಿದ್ದುತ್ತಾನೆ ಎಂಬ ಸೋಮಾರಿತನ. ಅದಕ್ಕೂ ಮೊದಲೇ, ಗುರುವಾರ, ಗದ್ದೆಯಿಂದ ಬಂದು ಕೂತವನು ಹಾಗೇ ಹೋಗಿಬಿಟ್ಟ. ಎದೆನೋವು ಅಂದರು.

ಹನ್ನೊಂದನೆಯ ದಿನದ ತಿಥಿಗೆ ಬನ್ನಿ ಎಂದು ರತ್ನಮ್ಮ ಫೋನ್ ಮಾಡಿದರು. "ಆ ಕಡೇದೂ ತಂದ್ಬುಡಿ ಅಣ್ಣ. ಕೇಳ್ಬೇಕು ಅಂತ ಕಾಯ್ತಿದ್ರು. ಎಡೆ ಇಟ್ಟಾಗ ಓದ್ಬುಡಿ" ಎಂದರು. ಆಯ್ತಮ್ಮ ಎಂದೆ.

ನಡು ಮಧ್ಯಾಹ್ನ. ನಡುಮನೆಯಲ್ಲಿ ಬಾಳೆ ಎಲೆಯ ಮೇಲೆ ಅವನಿಗಿಷ್ಟವಾದ ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ, ಪಕ್ಕದಲ್ಲಿ ಗಿಟಾರು. ಹೋದವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಂತರು. ನಾನು ಜಗುಲಿಯ ಮೇಲೆ ಬಾಗಿಲಿಗೆ ಮುಖ ಮಾಡಿ ಕೂತು ಓದತೊಡಗಿದೆ. ಪಕ್ಕದಲ್ಲಿ ರತ್ನಮ್ಮ, ಕಂಬಕ್ಕೆ ಒರಗಿ ಅವನ ತಮ್ಮ ಪುಟ್ಟಸ್ವಾಮಿ. ಆ ಸಾಲು ಹತ್ತಿರ ಬಂದಂತೆ ನನಗೆ ನಾಚಿಕೆಯಾಯಿತು. ಗಂಡನ ತಿಥಿಯ ದಿನ ಇದನ್ನು ಆಕೆಯ ಕಿವಿಗೆ ಹಾಕಬೇಕಲ್ಲ! ಆದರೂ ನಿಲ್ಲಿಸಲಿಲ್ಲ. ದಣಿದಿದ್ದೆ, ಬೇಗ ಮುಗಿದರೆ ಸಾಕಾಗಿತ್ತು.

ನಾನು ಓದುತ್ತಿದ್ದೆ, ಅಷ್ಟೇ. ಮೈ ಜುಂ ಎನ್ನಲಿಲ್ಲ, ದನಿ ಬದಲಾಗಲಿಲ್ಲ. ಆ ಸಾಲಿನ ಜಾಗದಲ್ಲಿ ನನ್ನ ಬಾಯಿಂದ ಬಂದದ್ದು, ನೆನಪಿರುವಷ್ಟು, ಹೀಗೆ: "ಎಡಗೈಯ ಎರಡು ಬೆರಳು ಮರಗಟ್ಟಿದ್ದವು. ತಂತಿ ಒತ್ತಿದರೆ ಗೊತ್ತಾಗುತ್ತಿರಲಿಲ್ಲ. ಬ್ಯಾಂಡಿನವರ ಮುಂದೆ ಹೇಳಲು ನಾಚಿಕೆಯಾಗಿ, ಹೆಂಡತಿ ಬೇಡ ಅಂದಳು ಎಂದುಬಿಟ್ಟೆ. ರತ್ನಳ ತಪ್ಪು ಏನೂ ಇರಲಿಲ್ಲ."

ತಲೆಯೆತ್ತಿದರೆ ರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು. ಪುಟ್ಟಸ್ವಾಮಿ ನನ್ನ ಹತ್ತಿರ ಬಂದು, "ನಿಮ್ಗ್ಯಾರು ಸಾ ಯೋಳಿದ್ರು? ಮೈಸೂರಲ್ಲಿ ಡಾಕ್ಟ್ರತ್ರ ಕರ್ಕೊಂಡೋಗಿದ್ದು ನಾನೊಬ್ನೇ. ಯಾರ್ಗೂ ಬಾಯಿ ಬುಡಬ್ಯಾಡ ಅಂತ ಅಣ್ಣ ಆಣೆ ಆಕಿಸ್ಕೊಂಡಿದ್ದ" ಎಂದ.

ಹಾಳೆ ನೋಡಿದೆ. ಸಂಸಾರದ ಒತ್ತಾಯಕ್ಕೆ ಮಣಿದು ಎಂದು ಟೈಪಾದದ್ದು ಹಾಗೇ ಇತ್ತು.

ಒಂದು ವರ್ಷ ಎದುರು ಕೂತಿದ್ದೆನಲ್ಲ, ಅವನ ಕೈ ಗಮನಿಸಿ ಮನಸ್ಸೇ ಊಹಿಸಿರಬಹುದು. ಆಕೆಯ ಮೇಲಿನ ಕನಿಕರಕ್ಕೆ ಬಾಯಿ ತಾನೇ ಕಥೆ ಕಟ್ಟಿರಬಹುದು. ಹೀಗೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಎರಡು ಬೆರಳು ಎಂಬ ಲೆಕ್ಕ ಮಾತ್ರ ಎಲ್ಲಿಂದ ಬಂತೋ!

ಹೊರಡುವಾಗ ರತ್ನಮ್ಮ ಕೈ ಚಾಚಿದರು. "ಆ ಆಳೆ ಕೊಡಿ ಅಣ್ಣ, ಮಡಿಕತೀನಿ." ಅವರಿಗೆ ಓದು ಬರುತ್ತಿತ್ತು. ಹೇಗೆ ಕೊಡಲಿ? ನೀಟಾಗಿ ಬರೆದು ತರುತ್ತೇನೆ ಎಂದು ಸುಳ್ಳು ಹೇಳಿ ಬ್ಯಾಗಿಗೆ ಹಾಕಿಕೊಂಡೆ. ಮನೆಗೆ ಬಂದು ಹಳೆಯ ಸಾಲನ್ನು ತೆಗೆದುಹಾಕಿ, ಬಾಯಿಂದ ಬಂದಿದ್ದನ್ನು ನೆನಪಿದ್ದಷ್ಟೂ ಬೇರೆ ಹಾಳೆಯಲ್ಲಿ ಬರೆದು, ಮುಂದಿನ ಭಾನುವಾರ ತೆಗೆದುಕೊಂಡು ಹೋದೆ.

ರತ್ನಮ್ಮ ಜಗುಲಿಯಲ್ಲೇ ಕೂತು ಬೆರಳಿಟ್ಟು ಓದಿದರು. ಮುಗಿಸಿ, ಹಾಳೆ ತಿರುಗಿಸಿ ಹಿಂದೆಯೂ ನೋಡಿದರು.

"ಕಡೇ ಮಾತು ಬುಟ್ಟಿದೀರಿ ಕಣಣ್ಣ" ಎಂದರು.

"ಯಾವ ಮಾತಮ್ಮ? ನಾನು ಓದಿದ್ದು ಇಷ್ಟೇ ಅಲ್ವಾ?"

ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿಲ್ಲ ಎಂದು ಗೊತ್ತಾಗಿರಬೇಕು. ಹಾಳೆಯನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬುಡಿ, ಅದು ನಿಮ್ಗಲ್ಲ, ನನ್ಗೆ ಯೋಳಿದ್ದು" ಎಂದು ಕಾಫಿ ತರಲು ಒಳಗೆ ಹೋದರು. ಅಷ್ಟು ಹಗುರಾಗಿ ಆಕೆ ನಡೆದದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಎಷ್ಟು ಸಲ ಕೇಳಿದರೂ ಹೇಳಿಲ್ಲ. ನನ್ನ ಬಾಯಿಂದಲೇ ಬಂದ ಆ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ.