ಎದುರು ಪಕ್ಷದವಳ ಕೈಯಲ್ಲಿ ಮಗಳ ವೋಟು

ನನ್ನ ಮಗಳ ಮೊದಲ ವೋಟು ಒಂದು ಬೆಣ್ಣೆಹಣ್ಣಿನ ದೆಸೆಯಿಂದ ತಪ್ಪಿಹೋಗುವುದರಲ್ಲಿತ್ತು.

ಹಣ್ಣು ನಮ್ಮ ಹಿತ್ತಲಿನದೇ. ನನ್ನ ಹೆಂಡತಿ ಸುಧಾ ಇಲ್ಲಿ ನೈರೋಬಿಯ ಕರೆನ್‌ನಲ್ಲಿ ಒಂದು ಶಾಲೆಯ ಟೀಚರ್. ಶಾಲೆಯವರು ಕೊಟ್ಟ ಮನೆ ಚಿಕ್ಕದು, ಸುತ್ತ ಮರಗಳು ದೊಡ್ಡವು. ಏಪ್ರಿಲ್‌ನ ಒಂದು ಭಾನುವಾರ ಏಣಿ ಹತ್ತಿದೆ. ಹಣ್ಣು ಕೈಗೆ ಸಿಕ್ಕಿತು, ಇಳಿಯುವಾಗ ಏಣಿ ಕಾಲಿಗೆ ಸಿಗಲಿಲ್ಲ. (ಐವತ್ತೆಂಟನೇ ವಯಸ್ಸಿನಲ್ಲಿ ಮರ ಹತ್ತುವ ಅಗತ್ಯ ಏನಿತ್ತು ಎಂದು ದಯವಿಟ್ಟು ಕೇಳಬೇಡಿ. ಕೇಳುವವರು ಮನೆಯಲ್ಲೇ ಇದ್ದಾರೆ.) ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಆಪರೇಷನ್ ಆಯಿತು. ಪ್ಲೇಟ್ ಹಾಕಿದರು.

ಸುಧಾಳ ಶಾಲೆಯಲ್ಲಿ ಹೊಸ ಟರ್ಮ್ ಶುರುವಾಗುವ ಸಮಯ. ಕರೆನ್‌ನಲ್ಲಿ ಕಾರು ಓಡಿಸುವವರಿಲ್ಲದಿದ್ದರೆ ಒಂದು ಪ್ಯಾಕೆಟ್ ಹಾಲೂ ಬರುವುದಿಲ್ಲ. ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ನಾವು ಯೋಚಿಸುತ್ತಿರುವಾಗಲೇ ಮಗಳು ಅನಘಾ ಟಿಕೆಟ್ ತೆಗೆದುಕೊಂಡು ಮೆಸೇಜ್ ಹಾಕಿದಳು. ಅವಳು ಸ್ಕಾಟ್ಲೆಂಡಿನ ಪೂರ್ವ ತೀರದ ಒಂದು ಊರಿನಲ್ಲಿ ಫಿಸಿಯೋಥೆರಪಿ ಮೂರನೇ ವರ್ಷ ಓದುತ್ತಿದ್ದಾಳೆ. ಮುರಿದ ಕಾಲಿನ ಅಪ್ಪ ಅವಳಿಗೆ ಒಂಥರಾ ಹೋಮ್‌ವರ್ಕ್.

ಬಂದ ಮರುದಿನ ಅವಳ ಮುಖ ಸಪ್ಪಗಿತ್ತು. ಏನಮ್ಮಾ ಎಂದರೆ ಏನಿಲ್ಲ ಎಂದಳು. ಸಂಜೆ ಸುಧಾಳ ಹತ್ತಿರ ಬಾಯಿಬಿಟ್ಟಳು. ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೆ ಚುನಾವಣೆ. ವೋಟಿನ ದಿನ ಅವಳು ಇಲ್ಲಿ ನನ್ನ ಕಾಲು ಎತ್ತಿಸುತ್ತಾ ಕೂತಿರುತ್ತಾಳೆ.

ನನಗೆ ಆಶ್ಚರ್ಯವಾದದ್ದು ಅದಲ್ಲ. ಇಂಡಿಯಾ ಪಾಸ್‌ಪೋರ್ಟಿನ ಹುಡುಗಿಗೆ ಅಲ್ಲಿ ವೋಟು ಎಲ್ಲಿಂದ ಬಂತು? ಕಾನೂನುಬದ್ಧವಾಗಿ ಅಲ್ಲಿ ವಾಸವಿರುವ ವಿದೇಶಿಯರೂ, ವಿದ್ಯಾರ್ಥಿಗಳೂ ಅಲ್ಲಿನ ಪಾರ್ಲಿಮೆಂಟಿಗೆ ವೋಟು ಹಾಕಬಹುದಂತೆ. ಅದೂ ಒಂದಲ್ಲ, ಎರಡು. ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಆ ಪ್ರಾಂತ್ಯದಲ್ಲಿ ಇಷ್ಟವಾದ ಪಕ್ಷಕ್ಕೆ.

ನಾನು ಕೀನ್ಯಾದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ನಾಗರಿಕನಲ್ಲ, ಹಾಗಾಗಿ ಇಲ್ಲಿ ವೋಟಿಲ್ಲ. ಇಂಡಿಯಾದಲ್ಲಿ ಹಾಕಬೇಕೆಂದರೆ ಆ ದಿನ ಮೈಸೂರಿನ ಬೂತಿನಲ್ಲಿ ಖುದ್ದಾಗಿ ನಿಂತಿರಬೇಕು. ಮೂರು ದೇಶಗಳ ರಾಜಕೀಯದ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆ. ಬೆರಳಿಗೆ ಮಸಿ ತಾಗಿ ಎಷ್ಟು ವರ್ಷವಾಯಿತು ಎಂಬುದು ಮಾತ್ರ ನೆನಪಿಲ್ಲ.

ಅಂಚೆ ವೋಟಿಗೆ ಅರ್ಜಿ ಹಾಕುವ ದಿನ ಮುಗಿದಿತ್ತು. ಉಳಿದದ್ದು ಪ್ರಾಕ್ಸಿ. ಅಂದರೆ ನಮ್ಮ ಪರವಾಗಿ ಇನ್ನೊಬ್ಬರು ಬೂತಿಗೆ ಹೋಗಿ ನಾವು ಹೇಳಿದವರಿಗೆ ವೋಟು ಹಾಕುವುದು. ಅದಕ್ಕೆ ಇನ್ನೂ ಎರಡು ದಿನ ಇತ್ತು. ಅನಘಾ ಮಂಚದ ಪಕ್ಕದಲ್ಲೇ ಕೂತು ಫಾರಂ ತುಂಬಿದಳು. ಪ್ರಾಕ್ಸಿಯ ಹೆಸರಿನ ಜಾಗದಲ್ಲಿ ಮೊರಾಗ್ ಎಂದು ಬರೆದಳು.

ಮೊರಾಗ್ ಅವಳ ಮನೆ ಓನರ್. ಎಪ್ಪತ್ತೊಂದು ವರ್ಷ. ಶಾಲೆಯೊಂದರಲ್ಲಿ ಅಡುಗೆ ಮಾಡಿ ರಿಟೈರ್ ಆದ ಹೆಂಗಸು. ಮಂಡಿನೋವು, ಕೈಯಲ್ಲಿ ಕೋಲು. ಮೇಲಿನ ರೂಮನ್ನು ನಮ್ಮ ಹುಡುಗಿಗೆ ಕೊಟ್ಟಿದ್ದಾಳೆ. ಒಳ್ಳೆಯವಳೇ. ಆದರೆ ಒಂದು ವಿಷಯವಿತ್ತು. ಆ ಕೋಲನ್ನೇ ಊರಿಕೊಂಡು ಒಂದು ತಿಂಗಳಿಂದ ಬೀದಿ ಬೀದಿ ಸುತ್ತಿ ತನ್ನ ಪಕ್ಷದ ಕರಪತ್ರ ಹಂಚುತ್ತಿದ್ದಳು. ಸ್ಕಾಟ್ಲೆಂಡ್ ಬೇರೆ ದೇಶವಾಗಲೇಬಾರದು ಎನ್ನುವ ಪಕ್ಷ ಅದು. ಆ ಕ್ಷೇತ್ರದಲ್ಲಿ ಈಗಿರುವ ಸದಸ್ಯೆ ಬೇರೆ ದೇಶವಾಗಬೇಕು ಎನ್ನುವವಳು. ಆಕೆಯನ್ನು ಸೋಲಿಸುವುದೇ ಮೊರಾಗಳ ಈ ವರ್ಷದ ಕೆಲಸ.

'ಅವಳಿಗೆ ಕೊಡ್ತೀಯಾ ನಿನ್ನ ವೋಟು?' ಎಂದೆ.

'ವೋಟು ಕೊಡ್ತಿಲ್ಲ ಅಪ್ಪಾ. ಹಾಕಿ ಬರೋಕೆ ಹೇಳ್ತಿದ್ದೀನಿ, ಅಷ್ಟೇ,' ಎಂದಳು. (ಅವಳು ಹೇಳುವುದೆಲ್ಲ ಇಂಗ್ಲಿಷಿನಲ್ಲಿ. ನೈರೋಬಿಯಲ್ಲಿ ಬೆಳೆದ ಮಕ್ಕಳಿಗೆ ನಮ್ಮ ಕನ್ನಡ ಕಿವಿಯಿಂದ ಒಳಗೆ ಹೋಗುತ್ತದೆ, ಬಾಯಿಂದ ಹೊರಗೆ ಬರುವುದಿಲ್ಲ. ಅನುವಾದ ನನ್ನದು.)

ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಕೆಲಸಕ್ಕೆ ಬರುವ ವಂಜಿರುಗೆ ಈ ಏರ್ಪಾಡು ಸ್ವಲ್ಪವೂ ಹಿಡಿಸಲಿಲ್ಲ. ಆಕೆಯ ವೋಟು ಇರುವುದು ಊರಾದ ನ್ಯೇರಿಯಲ್ಲಿ. ಪ್ರತಿ ಚುನಾವಣೆಗೂ ಹಿಂದಿನ ದಿನವೇ ಮಟಾಟು ಎಂಬ ಬಾಡಿಗೆ ವ್ಯಾನು ಹತ್ತಿ ಹೋಗುತ್ತಾಳೆ, ಬೆಳಕು ಹರಿಯುವ ಮುಂಚೆ ಸಾಲಿನಲ್ಲಿ ನಿಲ್ಲುತ್ತಾಳೆ. ಬೇರೆಯವರು ಹೋಗಿ ವೋಟು ಹಾಕುವುದನ್ನು ಕಾನೂನೇ ಒಪ್ಪುತ್ತದೆ ಎಂದಾಗ ಆಕೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಅನಘಾಳ ಮುಖ ನೋಡಿದಳು. ಬೆರಳು ನನ್ನದಾದರೆ ಮಸಿಯೂ ನನಗೇ ಹತ್ತಬೇಕು ಎಂದಳು. ನನಗೂ ಅದು ಸರಿ ಅನ್ನಿಸಿತು.

ಆದರೆ ವೋಟು ಯಾರಿಗೆ? ಅದೇ ಇನ್ನೂ ತೀರ್ಮಾನವಾಗಿರಲಿಲ್ಲ.

ಮುಂದಿನ ಒಂದು ವಾರ ನಮ್ಮ ಮನೆಯಲ್ಲಿ ನಡೆದದ್ದು ಎರಡೇ ಕೆಲಸ. ನಾನು ಹತ್ತು ಸಲ ಕಾಲು ಎತ್ತುವುದು, ಅದರ ಮಧ್ಯೆ ಅನಘಾ ಒಬ್ಬೊಬ್ಬ ಅಭ್ಯರ್ಥಿಯ ಬಗ್ಗೆ ಓದಿ ಹೇಳುವುದು. ಬೇರೆ ದೇಶ ಬೇಕೆನ್ನುವವರು, ಬೇಡವೆನ್ನುವವರು, ಗಾಳಿ ನೀರು ಬಸ್ಸು ಎನ್ನುವವರು, ಹೊರಗಿನವರು ಜಾಸ್ತಿಯಾದರು ಎನ್ನುವವರು. (ಕೊನೆಯವರ ಕರಪತ್ರವೂ ಅವಳ ಹೆಸರಿಗೇ ಬಂದಿತ್ತು. ಕವರ್ ಮೇಲಿನ ಹೆಸರು ಓದಿದವರು ಯಾರೋ!)

ನಾನು ಲೋಕಾನುಭವಿಯಂತೆ ಸಲಹೆ ಕೊಟ್ಟೆ. ಓದು ಮುಗಿದ ಮೇಲೆ ವೀಸಾ ಸುಲಭ ಮಾಡುವವರು ಯಾರೋ ನೋಡು, ಅವರಿಗೆ ಒತ್ತು. ವೀಸಾ ಲಂಡನ್ನಿನ ಕೈಯಲ್ಲಿದೆ, ಇವರ ಕೈಯಲ್ಲಿಲ್ಲ ಎಂದಳು. ನನ್ನ ಲೋಕಾನುಭವ ಅಲ್ಲಿಗೆ ಮುಗಿಯಿತು. ಸುಧಾ ಟೀಚರ್ ಅಲ್ಲವೇ, ಗೆರೆ ಎಳೆದು ಟೇಬಲ್ ಮಾಡಿದಳು. ಶಾಲೆ, ಆಸ್ಪತ್ರೆ, ಬಾಡಿಗೆ, ಬಸ್ಸು. ಪ್ರತಿಯೊಂದಕ್ಕೂ ಹತ್ತಕ್ಕೆ ಇಷ್ಟು ಅಂಕ. ಕೂಡಿ ನೋಡಿದರೆ ಮೂವರಿಗೆ ಒಂದೇ ಮೊತ್ತ ಬಂತು.

ಆಗ ಅನಘಾ ಒಬ್ಬ ಮುದುಕರ ವಿಷಯ ಹೇಳಿದಳು. ಚಳಿಗಾಲದಲ್ಲಿ ಅವಳು ತರಬೇತಿಗೆ ಹೋಗುತ್ತಿದ್ದ ವಾರ್ಡಿನಲ್ಲಿದ್ದವರಂತೆ. ಕಾಲು ವಾಸಿಯಾಗಿತ್ತು, ಮನೆಗೆ ಹೋಗಬಹುದಿತ್ತು. ಆದರೆ ಒಂಟಿ ಜೀವ. ದಿನಕ್ಕೆರಡು ಸಲ ಮನೆಗೆ ಬಂದು ನೋಡಿಕೊಳ್ಳುವ ಜನ ಸಿಗುವವರೆಗೆ ಕಳಿಸುವಂತಿರಲಿಲ್ಲ. ಅಂಥ ಕೆಲಸದವರೇ ಸಾಲದು ಅಲ್ಲಿ. ಆ ಮನುಷ್ಯ ದಿನಾ ಬೆಳಿಗ್ಗೆ ಎದ್ದು ಶೇವ್ ಮಾಡಿ, ಕೋಟು ಹಾಕಿಕೊಂಡು ಮಂಚದ ತುದಿಯಲ್ಲಿ ಕೂರುತ್ತಿದ್ದರಂತೆ. ಸಂಜೆ ನರ್ಸ್ ಬಂದು ಕೋಟು ಬಿಚ್ಚಿ ಕೊಕ್ಕೆಗೆ ಹಾಕುತ್ತಿದ್ದಳಂತೆ. ಅನಘಾಳ ಆರು ವಾರದ ತರಬೇತಿ ಮುಗಿದಾಗಲೂ ಅವರು ಅಲ್ಲೇ ಇದ್ದರು.

'ಅವರನ್ನ ಮನೆಗೆ ಕಳಿಸೋರು ಯಾರು? ನಾನು ಅಷ್ಟೇ ನೋಡ್ತಿರೋದು,' ಎಂದಳು.

ನಾನು ಕಾಲು ಎತ್ತುವುದನ್ನು ಮರೆತೆ. ಇಪ್ಪತ್ತೊಂದು ವರ್ಷದ ಹುಡುಗಿ. ಪರದೇಶದ ಯಾರೋ ಮುದುಕರಿಗಾಗಿ ವೋಟು ತೂಗುತ್ತಿದ್ದಾಳೆ. ನಾನು ಅವಳಿಗೆ ವೀಸಾ ಪಾಠ ಮಾಡುತ್ತಿದ್ದೆ!

ಸ್ಕಾಟ್ಲೆಂಡ್ ಬೇರೆ ದೇಶವಾಗುವ ಪ್ರಶ್ನೆಯಲ್ಲಿ ಅವಳ ಮನಸ್ಸು ಮೊರಾಗಳ ಕಡೆಗೇ ಇತ್ತು. ಮೂರು ವರ್ಷದ ಹಿಂದೆ ಬಂದ ತಾನು ಒಂದು ದೇಶ ಎರಡಾಗಲಿ ಎಂದು ಹೇಳುವುದು ಹೇಗೆ ಎಂಬ ಸಂಕೋಚ. ಅದೇ ಗೊಂದಲದಲ್ಲಿ ಮೊರಾಗ್‌ಗೆ ಫೋನ್ ಮಾಡಿ ನೀವೇನಂತೀರಿ ಎಂದು ಕೇಳಿದಳು. ಮೊರಾಗ್ ಬಾಯಿ ಬಿಡಲಿಲ್ಲ. ಪ್ರಾಕ್ಸಿಗೆ ಒಪ್ಪಿಕೊಂಡ ದಿನದಿಂದ ನಿನ್ನ ಜೊತೆ ರಾಜಕೀಯ ಬಂದ್, ಹವಾಮಾನ ಬೇಕಾದರೆ ಹೇಳುತ್ತೇನೆ ಎಂದಳು. ಮಳೆ ಬರುತ್ತಿದೆ ಎಂದೂ ಹೇಳಿದಳು.

ತೀರ್ಮಾನ ಆದದ್ದು ಒಂದು ವಿಡಿಯೋದಿಂದ. ಅಲ್ಲಿ ಚುನಾವಣೆಗೆ ಮುಂಚೆ ಎಲ್ಲ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿ ಜನ ಪ್ರಶ್ನೆ ಕೇಳುತ್ತಾರೆ. ಚರ್ಚ್ ಹಾಲಿನಲ್ಲಿ ನಡೆದ ಸಭೆಯನ್ನು ನಾವು ಮೂವರೂ ಟಿವಿಗೆ ಹಾಕಿಕೊಂಡು ನೋಡಿದೆವು. ಒಬ್ಬ ಹೆಂಗಸು ಎದ್ದುನಿಂತು, ನಮ್ಮಮ್ಮ ಎರಡು ತಿಂಗಳಿಂದ ಆಸ್ಪತ್ರೆಯಲ್ಲೇ ಇದ್ದಾಳೆ, ಮನೆಗೆ ಯಾವಾಗ ಕಳಿಸುತ್ತೀರಿ ಎಂದು ಕೇಳಿದಳು. ಮೊರಾಗಳ ಅಭ್ಯರ್ಥಿ ಚೆನ್ನಾಗಿಯೇ ಮಾತಾಡಿದ. ನಾವು ಬಂದರೆ ಎಲ್ಲ ಸರಿಹೋಗುತ್ತದೆ ಎಂದ. ಈಗಿನ ಸದಸ್ಯೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಈ ವಿಷಯದಲ್ಲಿ ನಮ್ಮಿಂದ ಆಗಿಲ್ಲ ಎಂದಳು. ಏನು ಪ್ರಯತ್ನ ಮಾಡಿದೆವು, ಎಲ್ಲಿ ತಪ್ಪಿತು, ಮುಂದಿನ ಚಳಿಗಾಲಕ್ಕೆ ಎಷ್ಟು ಸಾಧ್ಯ, ಎಷ್ಟು ಸಾಧ್ಯವಿಲ್ಲ ಎಂದು ವಿವರಿಸಿದಳು. ಹಾಲಿನಲ್ಲಿ ಚಪ್ಪಾಳೆ ಬೀಳಲಿಲ್ಲ.

ನಾನು ಔಷಧಿ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವವನು. ಹತ್ತು ವರ್ಷದಲ್ಲಿ ಒಂದೂ ದೋಷ ಬಂದಿಲ್ಲ ಎನ್ನುವ ಸಪ್ಲೈಯರ್ ಕಂಡರೆ ನನಗೆ ಭಯ. ಹೋದ ತಿಂಗಳ ಬ್ಯಾಚ್ ಕೆಟ್ಟಿತು, ಕಾರಣ ಇದು ಎಂದು ತಾನೇ ಬಂದು ಹೇಳುವವನ ಜೊತೆ ವ್ಯವಹಾರ ಮಾಡಬಹುದು. ಇದನ್ನು ಅನಘಾಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳೇ ಟಿವಿ ಆರಿಸಿ, ಮೊದಲನೇ ವೋಟು ಈಕೆಗೆ ಎಂದಳು. ಎರಡನೆಯದು ಗಾಳಿ ನೀರು ಬಸ್ಸಿನವರಿಗೆ.

ಎರಡು ಹೆಸರನ್ನೂ ಮೊರಾಗ್‌ಗೆ ಮೆಸೇಜ್ ಮಾಡಿದಳು. ಐದು ನಿಮಿಷಕ್ಕೆ ಉತ್ತರ ಬಂತು. ಸರಿ, ಚೀಟಿಯಲ್ಲಿ ಬರೆದುಕೊಂಡಿದ್ದೇನೆ.

ಅಷ್ಟೇ. ನನಗೆ ಸಮಾಧಾನವಾಗಲಿಲ್ಲ. ಗುಪ್ತ ಮತದಾನ. ಅಡ್ಡ ಹಲಗೆಯ ಹಿಂದೆ ಅವಳೊಬ್ಬಳೇ. ಕೈಯಲ್ಲಿ ಪೆನ್ಸಿಲ್. ತಿಂಗಳಿಡೀ ಯಾರನ್ನು ಸೋಲಿಸಲು ಓಡಾಡಿದಳೋ ಅವರಿಗೇ ಗುರುತು ಹಾಕುತ್ತಾಳಾ? ಹಾಕದಿದ್ದರೆ ಯಾರಿಗೆ ಗೊತ್ತಾಗುತ್ತದೆ? ಒಂದು ಫೋಟೋ ತೆಗೆದು ಕಳಿಸು ಅಂತ ಹೇಳಬಾರದಾ ಎಂದು ಕೇಳಿಯೇಬಿಟ್ಟೆ.

ಅನಘಾ ಸಿಟ್ಟಾಗಲಿಲ್ಲ. ನನ್ನ ಕಾಲಿನ ಕೆಳಗಿನ ದಿಂಬು ಸರಿಮಾಡಿದಳು. 'ನನ್ನ ರೂಮಿನ ಕೀ ಅವರ ಹತ್ರ ಇದೆ, ಅವರ ಮನೆ ಕೀ ನನ್ನ ಹತ್ರ ಇದೆ. ನಾನು ಹಾಗೆ ಕೇಳಿದ್ರೆ ಅವರು ಇನ್ನೊಂದು ಸಲ ನನ್ನ ಮುಖ ನೋಡೋದು ಹೇಗೆ ಅಪ್ಪಾ?'

ಗುರುವಾರ ಬಂತು. ನಮಗಿಂತ ಅವರು ಎರಡು ಗಂಟೆ ಹಿಂದೆ. ಬೆಳಿಗ್ಗೆಯೇ ಹೋಗಿ ಬರುತ್ತೇನೆ ಎಂದಿದ್ದಳು ಮೊರಾಗ್. ನಮ್ಮ ಹನ್ನೆರಡಾಯಿತು, ಎರಡಾಯಿತು, ಸುದ್ದಿಯಿಲ್ಲ. ನಾನು ಗಡಿಯಾರ ನೋಡುವುದನ್ನು ಅನಘಾ ನೋಡದ ಹಾಗೆ ನಟಿಸಿದಳು. ಮೂರೂವರೆಗೆ ವಿಡಿಯೋ ಕಾಲ್ ಬಂತು. ಮೊರಾಗ್ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ನೆನೆದ ಕೋಟು ಬಾಗಿಲಿಗೆ ನೇತುಹಾಕಿತ್ತು.

ನಡೆದದ್ದು ಇದು. ಮಂಡಿನೋವಿನ ಕಾರಣ ಮೊರಾಗ್ ತನ್ನ ವೋಟನ್ನು ಅಂಚೆಯಲ್ಲಿ ಎಂದೋ ಕಳಿಸಿಯಾಗಿತ್ತು. (ಇದು ನಮಗೆ ಆವತ್ತೇ ಗೊತ್ತಾದದ್ದು.) ಅಂದರೆ ಗುರುವಾರ ಅವಳಿಗೆ ಮನೆಯಿಂದ ಹೊರಡುವ ಕೆಲಸವೇ ಇರಲಿಲ್ಲ. ಕೋಲು ಊರಿಕೊಂಡು ಮಳೆಯಲ್ಲಿ ದಿಬ್ಬ ಹತ್ತಿ ಬೂತ್ ಇದ್ದ ಶಾಲೆಗೆ ಹೋಗಿದ್ದಾಳೆ. ಗೇಟಿನಲ್ಲಿ ಅವಳದೇ ಪಕ್ಷದ ಗೆಳತಿ ನಿಂತಿದ್ದಳಂತೆ. ನಿನ್ನ ವೋಟು ಆಗಿದೆಯಲ್ಲ, ಮತ್ತೇಕೆ ಬಂದೆ ಎಂದು ಕೇಳಿದಳಂತೆ. ಬೇರೆಯವರ ಕೆಲಸ ಎಂದು ಒಳಗೆ ಹೋದರೆ ಪ್ರಾಕ್ಸಿ ಪಟ್ಟಿಯಲ್ಲಿ ಅನಘಾಳ ಹೆಸರೇ ಇಲ್ಲ.

ಅಲ್ಲಿಂದ ವಾಪಸ್ ಬಂದುಬಿಡಬಹುದಿತ್ತು. ಹೆಸರು ಇರಲಿಲ್ಲ ಎಂದರೆ ನಾವು ಪಾಪ ಎನ್ನುತ್ತಿದ್ದೆವು, ಥ್ಯಾಂಕ್ಸ್ ಹೇಳುತ್ತಿದ್ದೆವು. ಮೊರಾಗ್ ಅಲ್ಲೇ ಮಕ್ಕಳ ಪುಟ್ಟ ಕುರ್ಚಿಯೊಂದನ್ನು ಎಳೆದು ಕೂತಳಂತೆ. ಫೋನ್ ಮಾಡಿ ವಿಚಾರಿಸಿ, ನನಗೆ ಅರ್ಜೆಂಟಿಲ್ಲ ಎಂದಳಂತೆ. ಒಂದು ಗಂಟೆಯ ಮೇಲೆ ಗೊತ್ತಾಯಿತು. ನಮ್ಮ ಕಡೆಯ ಹೆಸರಲ್ಲವೇ, ಅಪ್ಪನ ಹೆಸರು ಮಗಳ ಹೆಸರು ಹಿಂದುಮುಂದಾಗಿ ಇನ್ನೊಂದು ಪುಟದಲ್ಲಿ ಕೂತಿತ್ತು.

'ಎರಡೂ ನೀನು ಹೇಳಿದ ಹಾಗೇ ಹಾಕಿದ್ದೀನಿ,' ಎಂದಳು ಮೊರಾಗ್. 'ಆ ಹೆಂಗಸು ಸೋಲಲಿ ಅಂತ ಈಗಲೂ ಬೇಡಿಕೊಳ್ತೀನಿ. ಆದರೆ ವೋಟು ನಿನ್ನದು, ನಾನು ಬರೀ ಕಾಲು.'

ಅನಘಾ ಥ್ಯಾಂಕ್ಸ್ ಎಂದಳು. ಆಮೇಲೆ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದಳು. ಮೊರಾಗ್ ನನ್ನ ಮಂಡಿ ಎಷ್ಟು ಬಗ್ಗುತ್ತದೆ ಎಂದು ಕೇಳಿದಳು. ನಾನು ಬಗ್ಗಿಸಿ ತೋರಿಸಿದೆ. ನನ್ನದಕ್ಕಿಂತ ವಾಸಿ ಎಂದಳು.

ಮರುದಿನ ಫಲಿತಾಂಶ. ಈಗಿನ ಸದಸ್ಯೆಯೇ ಗೆದ್ದಳು. ಶುಕ್ರವಾರ ಮೊರಾಗ್ ಫೋನ್ ಎತ್ತಲಿಲ್ಲ. ಶನಿವಾರವೂ ಎತ್ತಲಿಲ್ಲ. ಭಾನುವಾರ ತಾನೇ ಮಾಡಿದಳು. ಗೆದ್ದ ನಿನ್ನ ಸದಸ್ಯೆಗೆ ಬಸ್‌ಸ್ಟಾಪಿನ ಚಾವಣಿ ಬಗ್ಗೆ ಕಾಗದ ಬರೆಯುತ್ತಿದ್ದೇನೆ, ನೀನು ಬಂದು ಸಹಿ ಹಾಕು ಎಂದಳು.

ಅನಘಾ ವಾಪಸ್ ಹೋಗಿ ಹತ್ತು ದಿನವಾಯಿತು. ಮನೆ ಖಾಲಿ ಖಾಲಿ. ಕಾಲು ಚಾಚಿ ಕೂತವನಿಗೆ ಯೋಚನೆ ಬಿಟ್ಟರೆ ಬೇರೇನು ಕೆಲಸ?

ನೈರೋಬಿಯ ಇನ್ನೊಂದು ತುದಿಯ ರುಂಡಾದಲ್ಲಿ ನನ್ನ ಗೆಳೆಯ ವೆಂಕಟೇಶ ಇದ್ದಾನೆ. ನಾವಿಬ್ಬರೂ ನೈರೋಬಿಗೆ ಬಂದದ್ದು ಒಂದೇ ವರ್ಷ. ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಗೆ ಕಾರು ಓಡಿಸಿದವನು ಅವನು. ಹಿಂದಿನ ಸಲ ಇಂಡಿಯಾದ ಚುನಾವಣೆಯ ಹೊತ್ತಿನಲ್ಲಿ ನಮ್ಮ ಕನ್ನಡದವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನಿಗೂ ನನಗೂ ಜಗಳವಾಯಿತು. ಇಬ್ಬರೂ ವೋಟು ಹಾಕಿರಲಿಲ್ಲ ಎಂಬುದನ್ನು ಗಮನಿಸಿ. ನಾನು ಬರೆಯಬಾರದ್ದನ್ನು ಬರೆದೆ, ಅವನೂ ಬರೆದ. ಆಮೇಲೆ ಮಾತಿಲ್ಲ. ನನ್ನ ಕಾಲು ಮುರಿದ ಸುದ್ದಿ ಅವನಿಗೆ ತಲುಪಿರಲೇಬೇಕು. ಬರಲಿಲ್ಲ. ಬಾ ಎಂದು ನಾನೂ ಹೇಳಿರಲಿಲ್ಲ.

ಮೊನ್ನೆ ಸಂಜೆ ಫೋನ್ ಮಾಡಿದೆ. ಎತ್ತಿದ. ಕಾಲು ಹೇಗಿದೆ ಎಂದ, ಪರವಾಗಿಲ್ಲ ಎಂದೆ. ಆಮೇಲೆ ಮೊರಾಗಳ ಕತೆ ಪೂರ್ತಿ ಹೇಳಿದೆ. ಕೊನೆಗೆ ಕೇಳಿದೆ. ನಮ್ಮಲ್ಲೂ ಇಂಥದೊಂದು ವ್ಯವಸ್ಥೆ ಇದ್ದಿದ್ದರೆ ನಿನ್ನ ವೋಟನ್ನು ನನ್ನ ಕೈಗೆ ಕೊಡುತ್ತಿದ್ದೆಯಾ?

ವೆಂಕಟೇಶ ಟಿವಿಯ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು.

'ನಾನು ಕೊಡ್ತಿದ್ದೆ ಕಣೋ,' ಎಂದ. 'ನಾನು ಹೇಳಿದವರಿಗೆ ನೀನು ಹಾಕ್ತಿದ್ಯಾ?'