ತಗಡಿನ ಖೋಲಿಯ ಒಡಪು

ನನ್ನ ನಾದಿನಿಯ ಮದುವೆ ನಿಪ್ಪಾಣಿಯ ಕಡೆ ಗೊತ್ತಾದಾಗ ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆ ಹತ್ತಿಕೊಂಡಿತು. ಅತ್ತೆಗೆ ಅಡಿಗೆಯದು, ನನ್ನ ಗಂಡನಿಗೆ ಹಂದರದ್ದು. ಮಾವನಿಗೆ ಮಾತ್ರ, ಬೀಗರ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎನ್ನುವ ಚಿಂತೆ.

ಎಂಬತ್ತರ ದಶಕದ ಕೊನೆಯ ಮಾತು ಇದು. ಅಥಣಿಯಿಂದ ತೆಲಸಂಗದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೋಟದ ಮನೆ. ಮುಂದೆ ದ್ರಾಕ್ಷಿ, ಬಾವಿಯ ಆಚೆ ಕಬ್ಬು. ನಾನು ಚಿಕ್ಕೋಡಿಯವಳು. ತವರಿನ ಹಿತ್ತಲಲ್ಲಿ ಒಂದು ಸಂಡಾಸ, ಅಂದರೆ ಕಟ್ಟಿಸಿದ ಪಾಯಖಾನೆ ಇತ್ತು, ಅದು ದೊಡ್ಡ ಸುಖ ಎಂದು ಗೊತ್ತಾದದ್ದು ಮದುವೆಯಾಗಿ ಇಲ್ಲಿಗೆ ಬಂದ ಮರುದಿನ, ತಂಬಿಗೆ ಕೈಗೆ ಬಂದಾಗ. ಎರಡು ವರ್ಷಗಳಲ್ಲಿ ಕಬ್ಬಿನ ಸಾಲು ರೂಢಿಯಾಗಿತ್ತು. ಆದರೆ ಮದುವೆ ಇದ್ದದ್ದು ಮೇ ತಿಂಗಳಲ್ಲಿ. ಕಬ್ಬು ಕಡಿದು ಕಾರ್ಖಾನೆಗೆ ಹೋಗಿ, ಹೊಸ ಕುಳೆ ಮೊಣಕಾಲಿಗೂ ಬಂದಿರಲಿಲ್ಲ. ಎಲ್ಲಿ ನಿಂತರೂ ಅರ್ಧ ಮೈಲಿ ದೂರದ ರಸ್ತೆ ಕಾಣುತ್ತಿತ್ತು. ರಸ್ತೆಗೂ ನಾವು ಕಾಣುತ್ತಿದ್ದೆವು.

ಮಾವ ಸಾಂಗ್ಲಿಯಲ್ಲಿ ಏನನ್ನಾದರೂ ನೋಡಿ ಬಂದರೆ ಅದನ್ನು ಅಥಣಿಯಲ್ಲಿ ಮಾಡಿಸದೆ ಬಿಡುವವರಲ್ಲ. ಆ ವರ್ಷ ಅವರು ಅಲ್ಲಿ ದ್ರಾಕ್ಷಿ ಬೆಳೆಗಾರರ ಯಾವುದೋ ಮೇಳಕ್ಕೆ ಹೋದಾಗ, ಬಯಲಿನಲ್ಲಿ ಸಾಲಾಗಿ ಇಟ್ಟ ತಗಡಿನ ಸಂಡಾಸಗಳನ್ನು ನೋಡಿದ್ದರು. ಮೇಳ ಮುಗಿದ ಮೇಲೆ ಅವನ್ನು ಎತ್ತಿ ಲಾರಿಯಲ್ಲಿ ಒಯ್ಯುತ್ತಾರಂತೆ. ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹೇಳಿ ಹೇಳಿ, ಕೊನೆಗೆ ಅತ್ತೆ ಅನ್ನದ ಮುಂದೆ ಆ ಮಾತು ಬೇಡ ಎಂದು ಬೇಡಿಕೊಳ್ಳುವಂತಾಯಿತು. ಮಾವ ವೆಲ್ಡಿಂಗ್ ಅಂಗಡಿಗೆ ಹೋಗಿ ಒಬ್ಬರು ಕೂರುವಷ್ಟು ದೊಡ್ಡ ಕೋಣೆಯಂಥ ನಾಲ್ಕು ಖೋಲಿ ಮಾಡಿಸಿಯೇ ಬಿಟ್ಟರು. ಕಬ್ಬಿಣದ ಚೌಕಟ್ಟು, ಸುತ್ತ ತಗಡು, ಮೇಲೆ ಗಾಳಿಗೆ ಒಂದು ಗೇಣು ಸಂದು, ಕೆಳಗೆ ಸಿಮೆಂಟಿನ ಕೂರುವ ಕಲ್ಲು. ಮೂಲೆಗಳಲ್ಲಿ ಕಬ್ಬಿಣದ ಬಳೆ ಕೂಡಿಸಿದ್ದರು. ಅವುಗಳಲ್ಲಿ ಪೈಪು ತೂರಿಸಿ ನಾಲ್ಕು ಆಳು ಪಲ್ಲಕ್ಕಿಯಂತೆ ಹೊತ್ತುಕೊಂಡು ಹೋಗಬಹುದಿತ್ತು. ಕಿಟಕಿಗೆ ಹಚ್ಚಿ ಉಳಿದಿದ್ದ ನೀಲಿ ಬಣ್ಣ ಬಳಿಸಿದರು. ದನದ ಕೊಟ್ಟಿಗೆಯ ಹಿಂದೆ ಗುಂಡಿಗಳನ್ನು ತೋಡಿಸಿ ಖೋಲಿಗಳನ್ನು ಅವುಗಳ ಮೇಲೆ ಇಡಿಸಿದರು. ಲಿಂಬಿ ಗಿಡಗಳ ಈಚೆಗೆ ಎರಡು ಹೆಂಗಸರಿಗೆ, ಆಚೆಗೆ ಎರಡು ಗಂಡಸರಿಗೆ. ಪ್ರತಿ ಖೋಲಿಯ ಪಕ್ಕ ಒಂದು ನೀರಿನ ಬ್ಯಾರಲ್ಲು, ಒಂದು ಬಕೀಟು.

ಮಾವನ ಅಕ್ಕ, ನಾವೆಲ್ಲ ದೊಡ್ಡತ್ತೆ ಎನ್ನುತ್ತಿದ್ದವರು, ಮದುವೆಗೆಂದು ರಾಯಬಾಗದಿಂದ ವಾರ ಮೊದಲೇ ಬಂದಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾಯಿ ಮಾತ್ರ ಹರೆಯದ್ದು. ಮಾವ ಖೋಲಿಗಳ ಮುಂದೆ ತೆಂಗಿನಕಾಯಿ ಹಿಡಿದು ನಿಂತದ್ದನ್ನು ನೋಡಿ, ಇದಕ್ಕೂ ಪೂಜೆ ಮಾಡುತ್ತೀಯಾ ತಮ್ಮಾ ಎಂದು ಕೇಳಿದರು. ಕಬ್ಬಿಣದ್ದಲ್ಲವೇ, ಟ್ರ್ಯಾಕ್ಟರಿಗೆ ಮಾಡುವುದಿಲ್ಲವೇ ಎಂದು ಮಾವ ಕಾಯಿ ಒಡೆದೇಬಿಟ್ಟರು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಬೀಗರ ಬಸ್ಸು ಬಂತು. ಕಾಲಿಗೆ ನೀರು, ಕೈಗೆ ಸರಬತ್ತು ಕೊಟ್ಟದ್ದಾಯಿತು. ಮಾವ ವರನ ಅಪ್ಪನನ್ನು ಕರೆದುಕೊಂಡು ಮೊದಲು ತೋರಿಸಿದ್ದು ದ್ರಾಕ್ಷಿಯನ್ನಲ್ಲ, ನೀಲಿ ಖೋಲಿಗಳನ್ನು. ಅವರು ಮೆಚ್ಚಿದರು. ಮಾವನ ಮೀಸೆ ಒಂದಿಷ್ಟು ಮೇಲಕ್ಕೆ ಹೋಯಿತು.

ಅದು ಕೆಳಗಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಖೋಲಿ ಮಾಡಿಸಿದ್ದರೇ ಹೊರತು ಅದರಲ್ಲಿ ಹೇಗಿರಬೇಕು ಎಂದು ಯಾರೂ ಯಾರಿಗೂ ಹೇಳಿರಲಿಲ್ಲ. ನಮ್ಮ ಕಡೆಯ ಬಹಳ ಮಂದಿಗೆ ಬಯಲೇ ಗೊತ್ತು, ಬಯಲಿಗೆ ಯಾರು ನೀರು ಸುರಿಯುತ್ತಾರೆ? ಬೀಗರಿಗೆ ಮನೆಯಲ್ಲಿ ರೂಢಿ ಇತ್ತು, ಆದರೆ ಇಲ್ಲಿ ನೀರು ಹಾಕುವವರು ಬೇರೆ ಯಾರೋ ಇರಬೇಕು ಎಂದುಕೊಂಡಂತಿತ್ತು. ಬಕೀಟು ಒಂದು ಕಡೆ, ಬ್ಯಾರಲ್ಲಿನ ಮುಚ್ಚಳ ಇನ್ನೊಂದು ಕಡೆ. ಗಂಡಸರ ಒಂದು ಖೋಲಿಯಲ್ಲಿ ಯಾರೋ ಸ್ನಾನವನ್ನೇ ಮುಗಿಸಿ, ಸೋಪನ್ನು ಅಲ್ಲೇ ಬಿಟ್ಟು ಬಂದಿದ್ದರು. ಮಕ್ಕಳಿಗೆ ತಗಡು ಬಡಿದರೆ ಬರುವ ಸದ್ದೇ ಬ್ಯಾಂಡು.

ನನ್ನ ಗಂಡ ಒಂದು ತಗಡಿನ ತುಂಡಿನ ಮೇಲೆ ಸುಣ್ಣದಲ್ಲಿ "ನೀರು ಹಾಕಿರಿ" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ಬ್ಯಾರಲ್ಲಿಗೆ ನೇತುಹಾಕಿದರು. ನಮ್ಮ ಕಡೆಯ ಹಿರಿಯರೊಬ್ಬರು ಅದನ್ನು ಓದಿ, ಬಾವಿಯಿಂದ ಕೊಡಗಟ್ಟಲೆ ನೀರು ತಂದು ಬ್ಯಾರಲ್ಲನ್ನು ಅಂಚಿನವರೆಗೆ ತುಂಬಿ ಹೋದರು. ಬರೆದದ್ದನ್ನು ಮಾಡಿದ್ದಾರೆ, ತಪ್ಪು ಹುಡುಕುವುದು ಹೇಗೆ?

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಹೊತ್ತು ಇಳಿಯುವ ಮುಂದೆ ಮಾವ, ಹೆಂಗಸರ ಬ್ಯಾರಲ್ಲಿನಲ್ಲಿ ನೀರು ಇದೆಯೋ ಇಲ್ಲವೋ ನೋಡಲು ತಾವೇ ಹೋದರು. ಸುತ್ತ ಯಾರೂ ಕಾಣಲಿಲ್ಲ. ಒಳಗೂ ಒಮ್ಮೆ ನೋಡಿಬಿಡೋಣ ಎಂದು ಖೋಲಿಯ ಬಾಗಿಲು ಎಳೆದರು. ಒಳಗೆ ವರನ ಅಜ್ಜಿ ಇದ್ದರು. ಬೀಗರಲ್ಲೆಲ್ಲ ಹಿರಿಯರು, ಇಡೀ ಬಸ್ಸಿನವರು ಆಜಿ ಎಂದು ಕರೆಯುತ್ತಿದ್ದವರು. ತಗಡಿನ ಪೆಟ್ಟಿಗೆಯಲ್ಲಿ ಚಿಲಕ ಹಾಕಿಕೊಂಡರೆ ತೆಗೆಯಲು ಬರುತ್ತದೋ ಇಲ್ಲವೋ ಎಂಬ ಅಂಜಿಕೆಯಿಂದ ಅವರು ಬಾಗಿಲನ್ನು ಸುಮ್ಮನೆ ಮುಂದೆ ಮಾಡಿಕೊಂಡಿದ್ದರು. ಮಾವ ಬಾಗಿಲನ್ನು ಮುಚ್ಚಿದರೋ ಇಲ್ಲವೋ ಅವರಿಗೇ ನೆನಪಿರಲಿಲ್ಲ. ನಾವು ಕಂಡದ್ದು, ವಧುವಿನ ಅಪ್ಪ ಧೋತರ ಎತ್ತಿ ಹಿಡಿದು ದ್ರಾಕ್ಷಿಯ ಸಾಲಿನೊಳಗೆ ಓಡಿ ಮಾಯವಾದದ್ದು ಮಾತ್ರ.

ಅವರ ಹಿಂದೆಯೇ ಆಜಿ ಖೋಲಿಯ ಕಡೆಯಿಂದ ಬಂದು ಜಮಖಾನೆಯ ಮೂಲೆಯಲ್ಲಿ ಸೆರಗು ಮುಖಕ್ಕೆ ಎಳೆದುಕೊಂಡು ಕೂತರು. ಯಾರ ಮೇಲೂ ಸಿಟ್ಟಾಗಲಿಲ್ಲ, ಏನಾಯಿತೆಂದು ಹೇಳಲೂ ಇಲ್ಲ. ನಾನು ಮಜ್ಜಿಗೆ ಒಯ್ದೆ, ಬೇಡ ಎಂದು ಕೈ ಮಾಡಿದರು. ನೀರು ಒಯ್ದೆ, ಅದೂ ಬೇಡ. ಮೇ ತಿಂಗಳ ಬಿಸಿಲು, ತುಟಿ ಒಣಗಿ ಬಿಳಿಯಾಗಿತ್ತು. ನೀರು ಕುಡಿದರೆ ಮತ್ತೆ ಆ ಖೋಲಿಗೆ ಹೋಗಬೇಕಾಗುತ್ತದೆ ಎಂದು ಅವರು ಬಾಯಿ ಕಟ್ಟಿದ್ದಾರೆಂದು ನನಗೆ ಕೂಡಲೇ ತಿಳಿಯಿತು. ಮದುವೆಯಾಗಿ ಬಂದ ಮೊದಲ ತಿಂಗಳು ನಾನೂ ಅದನ್ನೇ ಮಾಡಿದ್ದೆ.

ಅಡಿಗೆಯ ಒಲೆಯ ಹತ್ತಿರ ಹೋಗಿ ಅತ್ತೆಗೆ ಹೇಳಿದೆ. ಎಲ್ಲರಿಗೂ ಒಮ್ಮೆ ಹೇಳಿಬಿಡೋಣ, ಚಿಲಕ ಹಾಕಿಕೊಳ್ಳಿ, ಬಾಗಿಲು ಬಡಿದು ನೋಡಿ, ಬರುವಾಗ ನೀರು ಸುರಿಯಿರಿ ಎಂದು. ಅತ್ತೆ ಸವುಟನ್ನು ಕೆಳಗಿಟ್ಟು ನನ್ನನ್ನೇ ನೋಡಿದರು.

"ಬೀಗರಿಗೆ ಸಂಡಾಸಕ್ಕ ನೀರ ಹಾಕ್ರಿ ಅಂತ ಹೇಳಾಕ ಬರ್ತೈತೇನ? ನಾಳೆ ಅಕ್ಕಿಕಾಳ ಬೀಳೂತನಾ ಯಾರೂ ತುಟಿ ಬಿಚ್ಚಬ್ಯಾಡ್ರಿ."

ಮದುವೆಯ ಅಕ್ಷತೆ ಬೀಳುವ ತನಕ ಬಾಯಿ ಮುಚ್ಚಿಕೊಂಡಿರಿ ಎಂಬ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ ಕಾಲದಲ್ಲಿ ಬೀಗರ ಪಂಕ್ತಿಗೆ ಹಪ್ಪಳ ತಡವಾಗಿ ಬಂದದ್ದಕ್ಕೇ ಮುನಿಸು ವರ್ಷಗಟ್ಟಲೆ ಉಳಿಯುತ್ತಿತ್ತು. ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ದೊಡ್ಡತ್ತೆ ಮಾತ್ರ ತಲೆ ಎತ್ತದೆ ಒಂದು ಮಾತು ಆಡಿದರು.

"ಹೇಳಾಕ ಬರೂದಿಲ್ಲ, ಖರೆ. ಒಡಪಿನ್ಯಾಗ ಹಾಕಾಕ ಬರ್ತೈತಿ."

ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೆ ಹೇಳುವುದಿಲ್ಲ. ಹೇಳಲೇಬೇಕಾದಾಗ ಪ್ರಾಸ ಕೂಡಿಸಿ, ಎರಡು ಮೂರು ಸಾಲು ಕಟ್ಟಿ, ಕೊನೆಯಲ್ಲಿ ಹೆಸರು ಸೇರಿಸುತ್ತಾಳೆ. ಅದೇ ಒಡಪು. ಮದುವೆ ಮನೆಯಲ್ಲಿ ಬಳೆ ಇಡಿಸಿಕೊಳ್ಳುವಾಗ ಹೆಂಗಸರು ಒಬ್ಬರ ಹಿಂದೆ ಒಬ್ಬರನ್ನು ಹಿಡಿದು ಹೇಳಿಸುತ್ತಾರೆ. ಒಡಪಿನಲ್ಲಿ ಅತ್ತೆಯನ್ನು ಚುಚ್ಚಬಹುದು, ಬೀಗರನ್ನು ಕೆಣಕಬಹುದು, ಯಾರೂ ಮುನಿಯುವ ಹಾಗಿಲ್ಲ. ದೊಡ್ಡತ್ತೆಗೆ ಲೆಕ್ಕವಿಲ್ಲದಷ್ಟು ಒಡಪು ಬರುತ್ತಿದ್ದವು. ಗಂಡನಿಲ್ಲದವರನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅವರು ತಮಗೆ ಬರುವುದನ್ನೆಲ್ಲ ಬೇರೆಯವರ ಕಿವಿಯಲ್ಲಿ ಹೇಳಿಕೊಡುತ್ತಿದ್ದರು. ಈ ಸಲ ಹೇಳಿಕೊಡಲಿಲ್ಲ, ನೀನೇ ಕಟ್ಟು ಎಂದರು. ಸೌತೆಕಾಯಿ ಹೆಚ್ಚುತ್ತ ಕಟ್ಟಿದೆ.

ಸಂಜೆ ಬಳೆಗಾರ ಬಂದು ಹಂದರದಲ್ಲಿ ಗಂಟು ಬಿಚ್ಚಿದ. ಎರಡೂ ಕಡೆಯ ಹೆಂಗಸರು ಸುತ್ತ ಕೂತರು. ಒಡಪು ಸುರುವಾದವು, ಕನ್ನಡದ್ದೊಂದು, ಮರಾಠಿಯದೊಂದು. ನನ್ನ ಸರದಿ ಬಂದಾಗ ದೊಡ್ಡತ್ತೆ ಹಿಂದಿನಿಂದ ನನ್ನ ಬೆನ್ನು ತಿವಿದರು. ಬಳೆಗಾರನ ಗಂಟನ್ನೇ ನೋಡುತ್ತ ಹೇಳಿದೆ:

"ತಗಡಿನ ಬಾಗಿಲಕ ಒಳಗೊಂದ ಚಿಲಕ,
ಹಾಕ್ಕೊಂಡ ಕುಂತರ ಇಲ್ಲ ಯಾರ ಅಳುಕ,
ಎದ್ದ ಬರೂಮುಂದ ಬಕೀಟ ನೀರ ಸುರುವೂ ಗುಣದವರು..."

ಕೊನೆಗೆ ಗಂಡನ ಹೆಸರು ಸೇರಿಸಿ, ನನ್ನ ಕೈ ಹಿಡಿದವರು ಎಂದು ಮುಗಿಸಿದೆ.

ಹಂದರದಲ್ಲಿ ಬಳೆಯ ಸದ್ದೂ ನಿಂತಿತು. ಅತ್ತೆ ಅಡಿಗೆಯ ಕಡೆಗೆ ಮುಖ ತಿರುಗಿಸಿಕೊಂಡರು. ಅಷ್ಟರಲ್ಲಿ ಮೂಲೆಯಿಂದ ಒಂದು ನಗು ಕೇಳಿಸಿತು. ಆಜಿ ಸೆರಗನ್ನು ಹಿಂದಕ್ಕೆ ಸರಿಸಿದ್ದರು. ನಾನೂ ಒಂದು ಹೇಳಲೇ ಎಂದು ಕೇಳಿದರು. ಅವರ ಸೊಸೆ ಮೆಲ್ಲಗೆ, ನೀವು ಹೇಳುವ ಹಾಗಿಲ್ಲವಲ್ಲ ಎಂದು ಮರಾಠಿಯಲ್ಲಿ ನೆನಪಿಸಿದರು. ಆಜಿಯ ಹಣೆಯಲ್ಲಿ ಕುಂಕುಮ ಇರಲಿಲ್ಲ.

"ಹೇಳ್ರಿ ಆಜಿ," ಎಂದರು ದೊಡ್ಡತ್ತೆ. "ಅವರು ಹೋಗ್ಯಾರ. ಹೆಸರಿಗೇನ ಆಗೇತಿ?"

ಆಜಿ ಕನ್ನಡದಲ್ಲೇ ಹೇಳಿದರು:

"ಬಡೀದ ಬಾಗಿಲಾ ತಗದರು ಬೀಗರು,
ನನಗಿಂತ ಹೆಚ್ಚಿಗಿ ಅವರ ಅಂಜಿ ಓಡ್ಯಾರು,
ಮ್ಯಾಲ ಕುಂತ ಇದನ್ನ ನೋಡಿ ನಗಾಕತ್ತಾರು..."

ಕೊನೆಗೆ ಗಂಡನ ಹೆಸರು ಸೇರಿಸಿದರು. ಹೇಳಿ ಮುಗಿಸಿ, ತಾವು ಆ ಹೆಸರನ್ನು ಬಾಯಿಂದ ಆಡಿ ಎಷ್ಟು ವರ್ಷವಾಗಿತ್ತೋ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಹೆಂಗಸರು ನಗುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಲೂ ಇದ್ದರು. ದೊಡ್ಡತ್ತೆ ಎದ್ದುಹೋಗಿ ಆಜಿಯ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ತಮ್ಮ ಗಂಡನ ಹೆಸರನ್ನೂ ಒಂದು ಒಡಪಿನಲ್ಲಿ ಹೇಳಿದರು. ಅದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

"ಪಾಣಿ ದೇ ಗ," ಎಂದು ಆಜಿ ನನ್ನ ಕಡೆ ಕೈ ಚಾಚಿದರು. ತಂಬಿಗೆ ತುಂಬ ತಂದ ನೀರನ್ನು ಒಂದೇ ಉಸಿರಿಗೆ ಕುಡಿದರು. ಆಮೇಲೆ ನನ್ನನ್ನು ಕರೆದುಕೊಂಡು ಕೊಟ್ಟಿಗೆಯ ಹಿಂದೆ ಹೋಗಿ, ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಕಲಿತರು. ನಾನು ಹೊರಗೆ ನಿಂತಿದ್ದೆ. ಹೊರಗೆ ಬಂದವರು ಬಕೀಟಿನಲ್ಲಿ ನೀರು ತುಂಬಿಕೊಂಡು ಒಳಗೆ ಸುರಿದು, ಬಾಗಿಲು ಮುಂದೆ ಮಾಡಿ, ಆಯಿತಲ್ಲ ಎನ್ನುವಂತೆ ನನ್ನ ಮುಖ ನೋಡಿದರು.

ಮಾವನನ್ನು ದ್ರಾಕ್ಷಿಯ ಸಾಲಿನಿಂದ ಕರೆತರುವುದೇ ದೊಡ್ಡ ಕೆಲಸವಾಯಿತು. ನನ್ನ ಗಂಡ ಹೋಗಿ ಕರೆದರೂ ಬರಲಿಲ್ಲ. ಕೊನೆಗೆ ಆಜಿಯೇ ಕರೆಯುತ್ತಿದ್ದಾರೆ ಎಂದ ಮೇಲೆ ಬಂದು, ಹಂದರದ ಕಂಬ ಹಿಡಿದು ತಲೆ ಬಗ್ಗಿಸಿ ನಿಂತರು. ಆಜಿ ಅವರನ್ನು ಬಹಳ ಕಾಡಲಿಲ್ಲ.

"ಖೋಲಿ ಚಲೋ ಮಾಡ್ಸೀರಿ ಬೀಗರ. ಬಡದ ನೋಡೂದು ಒಂದ ಕಲೀರಿ."

ಮಾವ ಹೌದ್ರಿ ಎಂದರು. ಆಮೇಲೆ ಅವರು ನಮ್ಮ ಮನೆಯ ಅಡಿಗೆಕೋಣೆಯ ಬಾಗಿಲನ್ನೂ ಬಡಿದೇ ಒಳಗೆ ಬರುತ್ತಿದ್ದರು.

ಮರುದಿನ ಬೆಳಿಗ್ಗೆ ಹೆಂಗಸರ ಖೋಲಿಗಳ ಮುಂದೆ ಸಾಲು ನಿಂತಾಗ ಅಲ್ಲಿ ಒಡಪುಗಳೇ ನಡೆದಿದ್ದವು. ನೀರು ಹಾಕದೆ ಹೊರಬಂದ ನಮ್ಮ ಕಡೆಯ ಹೆಂಗಸೊಬ್ಬಳನ್ನು ಬೀಗರ ಹುಡುಗಿಯರು ತಡೆದು, ಗಂಡನ ಹೆಸರು ಹೇಳು, ಇಲ್ಲವೇ ನೀರು ಸುರಿ ಎಂದರು. ಅವಳು ನಾಚಿ ನೀರನ್ನೇ ಸುರಿದಳು. ಮಕ್ಕಳು ನನ್ನ ಸಾಲುಗಳನ್ನು ಕೂಗುತ್ತ ಲಿಂಬಿ ಗಿಡದ ಆಚೆಗೂ ಓಡಾಡಿದ್ದರಿಂದ ಗಂಡಸರಿಗೂ ವಿಷಯ ಮುಟ್ಟಿತು. ಎಲ್ಲರೂ ಒಂದೇ ರಾತ್ರಿಯಲ್ಲಿ ಬದಲಾದರು ಎಂದರೆ ಸುಳ್ಳಾಗುತ್ತದೆ. ನಮ್ಮ ಕಡೆಯ ಹಿರಿಯರು ಕೆಲವರು ತಂಬಿಗೆ ಹಿಡಿದು ಕೋಳಿ ಕೂಗುವ ಮೊದಲೇ ಹಳ್ಳದ ಕಡೆಗೆ ಹೋಗಿ ಬಂದಿದ್ದರು. ಗಂಡಸರ ಒಂದು ಖೋಲಿಗೆ ಯಾರೋ ತಂಬಾಕಿನ ಪುಡಿಕೆ ಹಾಕಿ, ನೀರು ಹೋಗದೆ, ಮಧ್ಯಾಹ್ನಕ್ಕೆ ಅದನ್ನು ಮುಚ್ಚಬೇಕಾಯಿತು. ಆದರೆ ಅಕ್ಕಿಕಾಳು ಸುಖವಾಗಿ ಬಿದ್ದವು. ಬಸ್ಸು ಹತ್ತುವಾಗ ಆಜಿ ಅತ್ತೆಯ ಕೈ ಹಿಡಿದು, ಊಟವೂ ಚಲೋ ಇತ್ತು, ಉಳಿದದ್ದೂ ಚಲೋ ಇತ್ತು ಎಂದು ಹೇಳಿ ಹೋದರು. ಅತ್ತೆ ಆ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದರು.

ವಾರದೊಳಗೆ ಕಾಗವಾಡದ ಕಡೆಯ ನೆಂಟರೊಬ್ಬರು ತಮ್ಮ ಮಗನ ಮದುವೆಗೆ ಖೋಲಿಗಳನ್ನು ಕೇಳಲು ಬಂದರು. ಮಾವ ಖುಷಿಯಿಂದ ಒಪ್ಪಿದರು. ಟ್ರ್ಯಾಕ್ಟರು ಬಂತು, ಆಳುಗಳು ಪೈಪು ತೂರಿಸಿ ಮೂರನ್ನು ಎತ್ತಿ ಏರಿಸಿದರು. ನಾಲ್ಕನೆಯದರ ಹತ್ತಿರ ಬಂದಾಗ ಅತ್ತೆ ಅದರ ಮುಂದೆ ನಿಂತಿದ್ದರು. ಕೈಯಲ್ಲಿ ದನಕ್ಕೆ ಹಾಕುವ ಮೇವಿನ ಬುಟ್ಟಿ. ಅವರು ದಾರಿ ಬಿಡಲಿ ಎಂದು ಆಳುಗಳು ಕಾದರು.

"ಇದೊಂದ ಇರ್ಲಿ," ಎಂದರು ಅತ್ತೆ.

ಮಾವ ಆಳುಗಳಿಗೆ ಹಿಂದೆ ಸರಿಯಲು ಕೈ ಮಾಡಿದರು. ಅತ್ತೆ ಈ ಮನೆಗೆ ಬಂದು ಮೂವತ್ತು ವರ್ಷದ ಹತ್ತಿರ. ಕಬ್ಬು ಇದ್ದಾಗ ಕಬ್ಬು, ಇಲ್ಲದಾಗ ಕತ್ತಲೆ, ಇವೆರಡನ್ನು ಬಿಟ್ಟು ಅವರು ಮೂರನೆಯದನ್ನು ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಬೀಗರ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು ಎಂದು ಮನೆಯಲ್ಲಿ ಎಷ್ಟು ಚರ್ಚೆ ನಡೆದರೂ ಅವರು ಸುಮ್ಮನೆ ಅಕ್ಕಿ ಆರಿಸುತ್ತಿದ್ದರು.

ಟ್ರ್ಯಾಕ್ಟರು ಮೂರನ್ನೇ ಹೊತ್ತುಕೊಂಡು ಹೋಯಿತು. ಅವು ಆಮೇಲೆ ಮದುವೆಯಿಂದ ಮದುವೆಗೆ, ಊರಿಂದ ಊರಿಗೆ ಅಲೆದು, ಯಾರ ಮನೆಯಲ್ಲಿ ಉಳಿದವೋ ತಿಳಿಯಲಿಲ್ಲ. ಮಾವ ಅವನ್ನು ಹುಡುಕಿಸಲೂ ಇಲ್ಲ. ದೀಪಾವಳಿಯ ಮೊದಲು ಅವರು ಇಟ್ಟಂಗಿ ಸಿಮೆಂಟು ತರಿಸಿ, ಮನೆಗೊಂದು ಸಂಡಾಸ ಎಲ್ಲಿ ಕಟ್ಟಿಸಬೇಕು ಎಂದು ಅತ್ತೆಯನ್ನು ಕೇಳಿದರು. ಅತ್ತೆ ಹಿತ್ತಲಲ್ಲಿ ಒಂದು ಸುತ್ತು ಹಾಕಿ, ಕರಿಬೇವಿನ ಗಿಡದ ನೆರಳು ಬೀಳುವ ಜಾಗದಲ್ಲಿ ಕಾಲಿನಿಂದ ಗೆರೆ ಎಳೆದರು.